ಪಾಠವೋ, ಚಳವಳಿಯೋ? ಜೇಮ್ಸ್ ಕೋನ್ ಬಗ್ಗೆ ಚರ್ಚೆ

ಓದುಗೂಡು: ಅಮೆರಿಕದ ಕಪ್ಪು ದೇವಶಾಸ್ತ್ರಜ್ಞ ಜೇಮ್ಸ್ ಕೋನ್ 1969ರಲ್ಲಿ ನ್ಯೂಯಾರ್ಕಿನಲ್ಲಿ ಕ್ರೈಸ್ತ ದೇವಶಾಸ್ತ್ರ ಕಲಿಸುವ ಯೂನಿಯನ್ ಥಿಯಾಲಜಿಕಲ್ ಸೆಮಿನರಿ ಸೇರಿ ಹತ್ತಿರ ಹತ್ತಿರ ಐವತ್ತು ವರ್ಷ ಪಾಠ ಮಾಡಿದರು. ಕಪ್ಪು ಜನರ ಬಿಡುಗಡೆಯೇ ಯೇಸುವಿನ ಸುವಾರ್ತೆಯ ತಿರುಳು ಎಂಬುದು ಅವರ ವಾದ. ನನಗೊಂದು ಅನುಮಾನ. ಪ್ರೊಫೆಸರೇ ಮೊದಲು ಪಕ್ಷ ಹಿಡಿದು ನಿಂತರೆ ವಿದ್ಯಾರ್ಥಿ ಪ್ರಶ್ನೆ ಕೇಳುವುದು ಹೇಗೆ? ಇದು ಪಾಠವೋ, ಚಳವಳಿಯೋ?

ಹಳೇ ಮೇಷ್ಟ್ರು: ಅವರು ಪಿಎಚ್‌ಡಿ ಮಾಡಿದ್ದು ಯುರೋಪಿನ ದೊಡ್ಡ ದೇವಶಾಸ್ತ್ರ ಪಂಡಿತ ಕಾರ್ಲ್ ಬಾರ್ತ್ ಮೇಲೆ. ಅಂದರೆ ಓದು ಕಡಿಮೆಯಾಗಿ ಘೋಷಣೆ ಕೂಗಿದವರಲ್ಲ. 1967ರಲ್ಲಿ ಕಪ್ಪು ಜನರ ದಂಗೆಯಲ್ಲಿ ಡೆಟ್ರಾಯಿಟ್ ನಗರ ಹೊತ್ತಿ ಉರಿದು 43 ಜನ ಸತ್ತರು, ಹೆಚ್ಚಿನವರು ಕಪ್ಪು ಜನ. ಆಗ ಕೋನ್ ಅದೇ ಮಿಷಿಗನ್ ರಾಜ್ಯದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ತಾನು ಓದಿದ್ದು ಆ ಬೀದಿಗೆ ಏನು ಹೇಳುತ್ತದೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಎರಡು ವರ್ಷದಲ್ಲಿ ಮೊದಲ ಪುಸ್ತಕ ಬಂತು. ಬಿಳಿಯರ ಚರ್ಚುಗಳು ಬಾಯಿ ಮುಚ್ಚಿಕೊಂಡು ಕೂತವು, ಅದೂ ಪಕ್ಷ ಹಿಡಿದ ಹಾಗೇ ಅಲ್ವಾ?

ಕಿಟಕಿ: ಅವರ ಬಾಲ್ಯದ ಒಂದು ಸಂಗತಿ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಆರ್ಕನ್ಸಾದ ಬೇರ್ಡನ್ ಎಂಬ ಸಣ್ಣ ಊರು. ಅಪ್ಪ ಮನೆಗೆ ಬರುವುದು ತಡವಾದರೆ ಹುಡುಗ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಅಪ್ಪನ ಟ್ರಕ್ಕಿನ ದೀಪ ಕಾಣುವವರೆಗೂ ಅದೇ ಭಯ: ಬಿಳಿಯರು ಏನಾದರೂ ಮಾಡಿಬಿಟ್ಟರಾ? ಮುಂದೆ, 2011ರಲ್ಲಿ, ಯೇಸುವಿನ ಶಿಲುಬೆಯನ್ನೂ ಕಪ್ಪು ಜನರನ್ನು ನೇತುಹಾಕಿ ಕೊಂದ ಮರವನ್ನೂ ಪಕ್ಕಪಕ್ಕ ಇಟ್ಟು ಪುಸ್ತಕ ಬರೆದದ್ದು ಆ ಹುಡುಗನೇ. ಅವನಿಗೆ ‘ದೂರ ನಿಂತು ಯೋಚಿಸು’ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಓದುಗೂಡು: ನೋವು ಒಪ್ಪುತ್ತೇನೆ, ಓದಿ ನನಗೂ ಕಷ್ಟವಾಯಿತು. ಆದರೆ ನಾನು ಕೇಳಿದ್ದು ತರಗತಿಯ ಬಗ್ಗೆ. ಮಾರ್ಕ್ಸ್ ಕೊಡುವವರ ಎದುರು ‘ನೀವು ಹೇಳಿದ್ದು ತಪ್ಪು’ ಎನ್ನಲು ಧೈರ್ಯ ಬೇಕು.

ಸಂಜೆಬೆಳಕು: ಹಾಗೆ ಹೇಳಿದವರು ಇದ್ದಾರೆ! ಕೋನ್ ಬರೆದ ‘ಕಪ್ಪು ಜನ’ರಲ್ಲಿ ಹೆಂಗಸರೇ ಕಾಣುವುದಿಲ್ಲ ಎಂದು ಕಪ್ಪು ಮಹಿಳೆಯರು ತಕರಾರು ಎತ್ತಿದರು. ಅದೇ ಸೆಮಿನರಿಯಲ್ಲಿ ಪಿಎಚ್‌ಡಿ ಮಾಡಿದ ಕೇಟಿ ಕ್ಯಾನನ್ ಮತ್ತು ಡೆಲೋರಿಸ್ ವಿಲಿಯಮ್ಸ್ ಕಪ್ಪು ಮಹಿಳೆಯರ ಅನುಭವದಿಂದಲೇ ಹೊರಡುವ ‘ವುಮನಿಸ್ಟ್’ ಎಂಬ ಬೇರೆಯೇ ದಾರಿ ಕಟ್ಟಿದರು. ಕೋನ್ 1989ರಲ್ಲಿ ತಮ್ಮ ಮೊದಲ ಪುಸ್ತಕದ ಮರುಮುದ್ರಣಕ್ಕೆ ಮುನ್ನುಡಿ ಬರೆಯುವಾಗ ಆ ತಪ್ಪನ್ನು ಒಪ್ಪಿಕೊಂಡರು. ಹಳೇ ಮಾತುಗಳನ್ನು ತಿದ್ದಿ ಮುಚ್ಚಿಡಲಿಲ್ಲ, ಇದ್ದ ಹಾಗೇ ಬಿಟ್ಟರು.

ಓದುಗೂಡು: ಇದು ಗೊತ್ತಿರಲಿಲ್ಲ. ಹಾಗಾದರೆ ಪಕ್ಷ ಹಿಡಿಯುವುದಕ್ಕಿಂತ ತಿದ್ದಿಕೊಳ್ಳದಿರುವುದೇ ಜಾಸ್ತಿ ಅಪಾಯ ಅನ್ನಿಸುತ್ತಿದೆ. ಆದರೂ ಎಲ್ಲ ಪ್ರೊಫೆಸರೂ ಕೋನ್ ಅಲ್ಲ, ನನ್ನ ಭಯ ಪೂರ್ತಿ ಹೋಗಿಲ್ಲ. ಮೊದಲು ಆ ಮುನ್ನುಡಿ ಓದುತ್ತೇನೆ.

ಹಳೇ ಮೇಷ್ಟ್ರು: ಓದಿ. ಆಮೇಲೆ ಕ್ಯಾನನ್ ಅವರನ್ನೂ ಓದಿ.