ಶುಲ್ಕ ತೆಗೆದರೆ ಸಾಕಾ?

ಪ್ರಶ್ನೆ: ವಿಶ್ವವಿದ್ಯಾಲಯದ ಶುಲ್ಕವನ್ನು ಪೂರ್ತಿ ತೆಗೆದುಹಾಕಿದರೆ ಬಡ ಮಕ್ಕಳು ಜಾಸ್ತಿ ಸೇರುತ್ತಾರಾ? ಇಲ್ಲಾ, ಹೇಗಿದ್ದರೂ ಓದುತ್ತಿದ್ದ ಉಳ್ಳವರಿಗೇ ಲಾಭವಾ? ಸುಮ್ನೆ ವಾದಕ್ಕೆ ಕೇಳುತ್ತಿಲ್ಲ.

ಉತ್ತರ 1: ಶುಲ್ಕ ಒಂದೇ ಖರ್ಚಲ್ಲ ಅಲ್ವಾ. ಬಾಡಿಗೆ, ಊಟ, ಪುಸ್ತಕ, ಜೊತೆಗೆ ಆ ಮೂರ್ನಾಲ್ಕು ವರ್ಷ ದುಡಿಯದೆ ಕೈಬಿಟ್ಟುಹೋಗುವ ಸಂಬಳ, ಅದನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಜರ್ಮನಿಯ ಎಲ್ಲ ರಾಜ್ಯಗಳೂ 2014ರ ಹೊತ್ತಿಗೆ ಸರ್ಕಾರಿ ವಿಶ್ವವಿದ್ಯಾಲಯಗಳ ಸಾಮಾನ್ಯ ಬೋಧನಾ ಶುಲ್ಕ ಕೈಬಿಟ್ಟವು. ಆದರೂ ಜೀವನ ಖರ್ಚಿಗೆ ಅಲ್ಲಿ ಬೇರೆ ನೆರವು ಇದೆ. ಸಾಮಾನ್ಯವಾಗಿ ಅರ್ಧ ಅನುದಾನ, ಅರ್ಧ ಬಡ್ಡಿಯಿಲ್ಲದ ಸಾಲ.

ಉತ್ತರ 2: ನನಗೆ ಆಸ್ಟ್ರೇಲಿಯಾದ ದಾರಿ ಇಷ್ಟ. 1989ರಿಂದ ಅಲ್ಲಿ ಓದುವಾಗಲೇ ಕಟ್ಟಬೇಕೆಂದಿಲ್ಲ, ಮುಂದೆ ಆದಾಯ ಒಂದು ಮಟ್ಟ ದಾಟಿದಾಗ ತೆರಿಗೆ ಜೊತೆ ಕಟ್ಟಿದರಾಯಿತು. ಕೆಲಸ ಸಿಗದಿದ್ದರೆ ಯಾರೂ ಬಾಗಿಲು ಬಡಿಯುವುದಿಲ್ಲ.

ಉತ್ತರ 3: ಕೇಳೋಕೆ ಚೆನ್ನ! ಇಂಗ್ಲೆಂಡಿನಲ್ಲೂ ಆದಾಯ ನೋಡಿ ತೀರಿಸುವ ಸಾಲವೇ. ಆದರೆ 1998ರಲ್ಲಿ ವರ್ಷಕ್ಕೆ 1,000 ಪೌಂಡ್ ಇದ್ದ ಶುಲ್ಕದ ಮಿತಿ 2012ಕ್ಕೆ 9,000 ಆಯಿತು, ಮೇಲೆ ಬಡ್ಡಿ ಬೇರೆ. ಅಪ್ಪನೇ ಶುಲ್ಕ ಕಟ್ಟಿಬಿಟ್ಟವನಿಗೆ ಈ ತಲೆನೋವೇ ಇಲ್ಲ.

ಪ್ರಶ್ನೆ ಕೇಳಿದವರು: ಅಂದರೆ ಮೊದಲು ಬೇಕಿರುವುದು ಜೀವನ ಖರ್ಚಿನ ಅನುದಾನ ಅಂತಾಯ್ತು. ಸರಿ, ಆ ಅನುದಾನಕ್ಕೆ ಆದಾಯದ ಮಿತಿ ಇಟ್ಟರೆ, ಅದಕ್ಕಿಂತ ಸ್ವಲ್ಪವೇ ಮೇಲಿರುವ ಮನೆಯವರು ಏನು ಮಾಡಬೇಕು?