ಸಹಾಯ ಬೇಕು: ಹೊಳೆಯ ವೇಗಕ್ಕೆ ಯಾವ ಇಂಗ್ಲಿಷ್ ಪದ ಸರಿ?

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಕಡೆ ನಮ್ಮದೊಂದು ಹೋಂಸ್ಟೇ ಇದೆ. ಮಳೆಗಾಲಕ್ಕೆ ಮೊದಲು ಇಂಗ್ಲಿಷ್‌ನಲ್ಲಿ ಒಂದು ಎಚ್ಚರಿಕೆ ಬೋರ್ಡ್ ಬರೆಸಬೇಕು. ವೇಗ ಹೇಳುವ ಪದಗಳಲ್ಲೇ ಸಿಕ್ಕಿಕೊಂಡಿದ್ದೇನೆ.

ನನಗೆ ಗೊತ್ತಿರುವುದು ಇಷ್ಟು. ಓಡುವ ವೇಗ ಜಾಸ್ತಿ ಇದ್ದರೆ ಫಾಸ್ಟ್, ಕಡಿಮೆ ಹೊತ್ತಲ್ಲಿ ಮುಗಿದರೆ ಕ್ವಿಕ್. ಕಾರಿಗೆ ಫಾಸ್ಟ್ ಕಾರ್ ಅನ್ನುತ್ತಾರೆ, ಗಡಿಬಿಡಿಯ ಸ್ನಾನಕ್ಕೆ ಕ್ವಿಕ್ ಶವರ್. ಕ್ವಿಕ್ಲಿ ಸರಿ, ಫಾಸ್ಟ್ಲಿ ಅಂತ ಬರೆಯಬಾರದು.

ತೊಡಕು ಇರುವುದು ಹೊಳೆಯ ವಿಷಯದಲ್ಲಿ. ಜೋರು ಮಳೆ ಹಿಡಿದರೆ ನಮ್ಮ ಹೊಳೆ ಕೆಂಪಾಗಿ, ದಡದ ಬಿದಿರನ್ನೂ ಎಳೆದುಕೊಂಡು ಹೋಗುತ್ತದೆ. ಇದಕ್ಕೆ ಫಾಸ್ಟ್ ಸಾಕಾ, ಸ್ವಿಫ್ಟ್ ಬೇಕಾ? ಸ್ವಿಫ್ಟ್ ಅಂದರೆ ಓದುವವರಿಗೆ ಸುಮ್ನೆ ಚೆಂದ ಅನಿಸಿ, ಭಯವೇ ಹುಟ್ಟದಿದ್ದರೆ ಕಷ್ಟ ಅಲ್ವಾ? ನೀರು ಏರುವುದಕ್ಕೆ ರ‍್ಯಾಪಿಡ್ಲಿ ಅಂತ ಹಾಕಿದ್ದೇನೆ. ಆದರೆ ಬರಪೊಳೆಯಲ್ಲಿ ರ‍್ಯಾಫ್ಟಿಂಗ್ ಮಾಡಿ ಬಂದವರಿಗೆ ರ‍್ಯಾಪಿಡ್ಸ್ ಅಂದರೆ ಬಂಡೆಗಳ ನಡುವೆ ನೀರು ನುಗ್ಗುವ ಜಾಗ. ಅವರಿಗೆ ಗೊಂದಲ ಆಗುತ್ತಾ?

ಇಂಗ್ಲಿಷ್ ಮೇಷ್ಟ್ರು, ಟೀಚರ್‌ಗಳು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಮಕ್ಕಳನ್ನು ಕರೆದುಕೊಂಡು ಬರುವವರಿಗೆ ಒಂದೇ ಸಲ ಓದಿದರೆ ಅಪಾಯ ಅರ್ಥವಾಗಬೇಕು. ಬೋರ್ಡ್ ಬರೆಯುವವರು ಶನಿವಾರ ಬರುತ್ತಾರೆ.