ಗಿಡಮೂಲಿಕೆ ಬಗ್ಗೆ ಹೇಳಿಕೊಡುತ್ತಿದ್ದೇನೆ, ಸರಿಯಾಗಿ ಕಲಿಯುವುದು ಎಲ್ಲಿ?

ಗದಗದ ಅಕ್ಕ:
ನಮ್ಮದು ಗದಗ ಹತ್ತಿರದ ಹಳ್ಳಿ. ಎರಡು ವರ್ಷದಿಂದ ನಮ್ಮ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ತಿಂಗಳಿಗೊಮ್ಮೆ ಹಿತ್ತಲ ಔಷಧಿ ಹೇಳಿಕೊಡುತ್ತೇನೆ. ಕೆಮ್ಮಿಗೆ ಆಡುಸೋಗೆ, ನೆಗಡಿಗೆ ದೊಡ್ಡಪತ್ರೆ, ಹೊಟ್ಟೆ ಉಬ್ಬರಕ್ಕೆ ಅಜವಾನ, ಇಂಥವು. ಎಲ್ಲಾ ಅಜ್ಜಿಯಿಂದ ಕಲಿತಿದ್ದು.

ಒಂದು ಸಲ ಮಧುನಾಶಿನಿ ಎಲೆ ಅಗಿಸಿ, ಮೇಲೊಂದು ಚೂರು ಬೆಲ್ಲ ಕೊಟ್ಟಿದ್ದೆ. ಬೆಲ್ಲ ಬಾಯಲ್ಲಿ ಮಣ್ಣಿನ ಹಾಗೆ ಅನ್ನಿಸುತ್ತೆ, ಸಿಹಿನೇ ಗೊತ್ತಾಗಲ್ಲ. ಎಲ್ಲರೂ ನಕ್ಕರು. ಹೋದ ತಿಂಗಳು ಗೊತ್ತಾಯ್ತು, ಅವರಲ್ಲಿ ಒಬ್ಬಾಕೆ ಶುಗರ್ ಮಾತ್ರೆ ಬಿಟ್ಟು ಬರೀ ಆ ಎಲೆ ತಿನ್ನುತ್ತಿದ್ದಾಳೆ. "ನೀವೇ ತೋರಿಸಿದ್ರಲ್ಲ ಅಕ್ಕಾ" ಅಂದಳು. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ನಿಲ್ಲಿಸಿಬಿಡಲಾ? ಇಲ್ಲ ಎಲ್ಲಾದರೂ ತರಬೇತಿ ತಗೊಂಡು ಮುಂದುವರಿಸಲಾ?

ಮುಂಡರಗಿ ಕಡೆಯವ:
ನಿಲ್ಲಿಸಬೇಡಿ ಅಕ್ಕಾರೇ. ನಮ್ಮ ಅಜ್ಜ ಕಾಮಣಿಗೆ ನೆಲನೆಲ್ಲಿ ಕೊಡುತ್ತಿದ್ದರು. ನನಗೆ ಕಲಿಸಿದ ಮೊದಲ ಪಾಠ ಔಷಧಿ ಅಲ್ಲ, ಗಿಡ ಗುರುತಿಸೋದು. ಎಲೆ ಹಿಂದೆ ಸಾಲಾಗಿ ಕಾಯಿ ಇದ್ರೆ ಸಾಲದು, ಕಾಂಡ ಕೆಂಪಗಿದ್ದು ಕಾಯಿ ಒರಟಾಗಿದ್ರೆ ಅದು ಬೇರೆ ಜಾತಿ, ಬಿಡು ಅನ್ನುತ್ತಿದ್ದರು. ನೀವೂ ಪ್ರತಿ ಗಿಡದ ಒಂದು ಟೊಂಗೆಯನ್ನ ಹೂವು ಕಾಯಿ ಸಮೇತ ಹಳೇ ಪೇಪರ್ ನಡುವೆ ಒತ್ತಿ ಒಣಗಿಸಿ, ಎಲ್ಲಿ ಸಿಕ್ತು, ಯಾವಾಗ ಸಿಕ್ತು ಅಂತ ಬರೆದಿಡಿ. ಧಾರವಾಡಕ್ಕೆ ಹೋದಾಗ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದವರಿಗೆ ತೋರಿಸಿ ಕೇಳಬಹುದು.

ಇನ್ನೊಂದು, ಕಪ್ಪತಗುಡ್ಡದಿಂದ ಕಿತ್ತು ತರಬೇಡಿ. 2019ರಿಂದ ಅದು ವನ್ಯಜೀವಿಧಾಮ. ಹಿತ್ತಲಲ್ಲೇ ಬೆಳೆಸಿ.

ಹುಬ್ಬಳ್ಳಿ ಆಯುರ್ವೇದ:
ನಾನು ಆಯುರ್ವೇದ ವೈದ್ಯ. ತಂಗಿ, ಮೊದಲು ಆಕೆಯನ್ನು ಆಕೆಯ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ, ನಾಳೆಗೆ ಅಂತ ಬಿಡಬೇಡಿ. ಎಲೆ ತಿನ್ನೋ ವಿಷಯವನ್ನೂ ಅವರಿಗೆ ಹೇಳಲೇಬೇಕು, ಯಾಕಂದ್ರೆ ಮಾತ್ರೆ ಮತ್ತೆ ಶುರು ಮಾಡಿ ಎಲೆಯನ್ನೂ ತಿಂದ್ರೆ ಶುಗರ್ ತೀರಾ ಇಳಿದುಬಿಡಬಹುದು.

ತರಬೇತಿ ವಿಷಯಕ್ಕೆ ಬಂದ್ರೆ, ಬಿಎಎಂಎಸ್, ಅಂದ್ರೆ ಆಯುರ್ವೇದ ವೈದ್ಯ ಪದವಿ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ನಿಮ್ಮ ಕೆಲಸಕ್ಕೆ ಅದು ಬೇಕಿಲ್ಲ, ಆದರೆ ಅದಿಲ್ಲದೆ ರೋಗ ಪರೀಕ್ಷೆ ಮಾಡಿ ಔಷಧಿ ಬರೆಯುವ ಹಾಗಿಲ್ಲ. ವರ್ಷಗಟ್ಟಲೆ ಕೈಗುಣ ಇರುವ ನಾಟಿ ವೈದ್ಯರಿಗೆ ಭಾರತೀಯ ಗುಣಮಟ್ಟ ಮಂಡಳಿಯ ಪ್ರಮಾಣಪತ್ರ ಯೋಜನೆ ಇದೆ. ಕಾಮಣಿ, ಎಲುಬು ಕಟ್ಟೋದು, ಸೂಲಗಿತ್ತಿ ಕೆಲಸ, ಹೀಗೆ ಬೇರೆ ಬೇರೆ ವಿಭಾಗದಲ್ಲಿ ಕೆಲಸ ನೋಡಿ ಪರೀಕ್ಷೆ ಮಾಡ್ತಾರೆ. ಅದು ಡಾಕ್ಟರ್ ಪದವಿ ಅಲ್ಲ ಅನ್ನೋದು ನೆನಪಿರಲಿ.

"ಗಿಡದ್ದು, ಏನೂ ಆಗಲ್ಲ" ಅನ್ನೋ ಮಾತನ್ನ ನಿಮ್ಮ ಕ್ಲಾಸಿಂದ ತೆಗೆದುಹಾಕಿ. ಈಶ್ವರಿ ಬಳ್ಳಿಯಲ್ಲಿರುವ ಅರಿಸ್ಟೋಲೋಚಿಕ್ ಆಮ್ಲ ಕಿಡ್ನಿ ಹಾಳು ಮಾಡುತ್ತೆ, ಕ್ಯಾನ್ಸರನ್ನೂ ತರುತ್ತೆ. ಅದು ನಮ್ಮ ಬೇಲಿಯಲ್ಲೇ ಬೆಳೆಯುವ ಗಿಡ. ಮತ್ತೆ, ಶುಗರ್ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದನ್ನ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತಿನ ಮೇಲಿನ 1954ರ ಕಾಯ್ದೆಯೇ ನಿಷೇಧಿಸಿದೆ. ಕರಪತ್ರ ಮಾಡಿಸೋ ಆಲೋಚನೆ ಇದ್ರೆ ಹುಷಾರು.

ಹಾವೇರಿಯ ಆಶಾ ಕಾರ್ಯಕರ್ತೆ:
ನಿಮ್ಮೂರ ಆಶಾ ಅಕ್ಕನನ್ನ ಪ್ರತಿ ಕ್ಲಾಸಿಗೂ ಕರೀರಿ. ಯಾರ ಮನೇಲಿ ಶುಗರ್, ಬಿಪಿ ಇದೆ, ಯಾರು ಬಸುರಿ, ಅವಳಿಗೆ ಗೊತ್ತಿರುತ್ತೆ. ನಮ್ಮಲ್ಲಿ ಯಾವ ಸೊಪ್ಪಿನ ಮಾತು ಬಂದ್ರೂ ಮೊದಲು "ಈಗ ಯಾವ ಮಾತ್ರೆ ನಡೀತಿದೆ?" ಅಂತ ಕೇಳ್ತೀವಿ, ಉತ್ತರ ವಹಿಯಲ್ಲಿ ಬರೀತೀವಿ. ಕೂಸಿನ ಕಣ್ಣು ಹಳದಿ ಆದ್ರೆ, ಹಾವು ಕಚ್ಚಿದ್ರೆ, ಮೂರು ದಿನ ಆದ್ರೂ ಜ್ವರ ಬಿಡದಿದ್ರೆ ಗಿಡದ ಮಾತೇ ಇಲ್ಲ, ಸೀದಾ ದವಾಖಾನೆ. ಇದನ್ನ ಪ್ರತಿ ಕ್ಲಾಸಲ್ಲೂ ಹೇಳಿ, ಬೇಸರ ಮಾಡ್ಕೋಬೇಡಿ.

ಗದಗದ ಅಕ್ಕ:
ಎಲ್ಲರಿಗೂ ಶರಣು. ನಿನ್ನೆ ಆಕೆಯನ್ನ ಕರ್ಕೊಂಡು ಹೋಗಿದ್ದೆ, ಮಾತ್ರೆ ಮತ್ತೆ ಶುರುವಾಗಿದೆ. ಮುಂದಿನ ಕ್ಲಾಸಲ್ಲಿ ಎಲ್ಲರ ಎದುರು ನನ್ನದೇ ತಪ್ಪು ಅಂತ ಹೇಳ್ತೀನಿ. ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ನೆಲನೆಲ್ಲಿ ಎಲೆ ತಿರುಗಿಸಿ ನೋಡಿದೆ. ಎರಡು ಜಾತಿ ಇವೆ, ಒಂದರ ಕಾಂಡ ಕೆಂಪು. ಇಷ್ಟು ದಿನ ಎರಡನ್ನೂ ಒಂದೇ ಅಂತ ತೋರಿಸುತ್ತಿದ್ದೆ.